ಬಾಹ್ಯಾಕಾಶ ಮುಟ್ಟಿದ ಮೊದಲ ವಸ್ತು: ಸ್ಪುಟ್ನಿಕ್ಕೋ, ವಿ-2 ರಾಕೆಟ್ಟೋ?

ವಿಜ್ಞಾನಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಹೈಸ್ಕೂಲ್ ಮಕ್ಕಳಿಗೆ ನಡೆದ ವಿಜ್ಞಾನ ರಸಪ್ರಶ್ನೆಯಲ್ಲಿ "ಬಾಹ್ಯಾಕಾಶ ತಲುಪಿದ ಮೊದಲ ಮಾನವ ನಿರ್ಮಿತ ವಸ್ತು ಯಾವುದು?" ಅಂತ ಒಂದು ಪ್ರಶ್ನೆ ಇತ್ತು. ಕೀ ಉತ್ತರ ರಷ್ಯಾದ ಉಪಗ್ರಹ ಸ್ಪುಟ್ನಿಕ್-1. ನಮ್ಮ ಒಂಬತ್ತನೇ ತರಗತಿಯ ಒಬ್ಬ ಹುಡುಗಿ "ಜರ್ಮನಿಯ ವಿ-2 ರಾಕೆಟ್, 1944" ಅಂತ ಬರೆದಿದ್ದಾಳೆ. ಅಂಕ ಕೊಟ್ಟಿಲ್ಲ. ನನಗೇನೋ ಅವಳು ಬರೆದದ್ದೇ ಸರಿ ಅನ್ನಿಸುತ್ತೆ. ಮನವಿ ಬರೆಯೋ ಮೊದಲು ತಿಳಿದವರನ್ನು ಕೇಳೋಣ ಅಂತ ಇಲ್ಲಿ ಹಾಕ್ತಿದ್ದೀನಿ. ಎಷ್ಟು ಎತ್ತರ, ಯಾವ ತಾರೀಖು, ಯಾರು ಹಾರಿಸಿದ್ದು, ಸ್ವಲ್ಪ ವಿವರವಾಗಿ ಹೇಳಿ.

ನಕ್ಷತ್ರಿಕ:
ಮೇಷ್ಟ್ರೇ, ಹುಡುಗಿ ಬರೆದದ್ದು ಸರಿ. ಧೈರ್ಯವಾಗಿ ಮನವಿ ಬರೀರಿ.

1944ರ ಜೂನ್ 20. ಬಾಲ್ಟಿಕ್ ಕರಾವಳಿಯ ಪೇನೆಮುಂಡೆಯ ಜರ್ಮನ್ ಸೇನಾ ತಂಡ ಎಂ.ಡಬ್ಲ್ಯು. 18014 ಅನ್ನೋ ಸಂಖ್ಯೆಯ ವಿ-2 ರಾಕೆಟ್ಟನ್ನು ನೆಟ್ಟಗೆ ಮೇಲಕ್ಕೆ ಹಾರಿಸಿತು. ಅದು ಏರಿದ್ದು ಸುಮಾರು 175 ಕಿ.ಮೀ. ಬಾಹ್ಯಾಕಾಶದ ಅಂಚು ಅಂತ ಹೆಚ್ಚಿನವರು ಒಪ್ಪಿರುವ ಗೆರೆ 100 ಕಿ.ಮೀ. ಅದನ್ನು ದಾಟಿದ್ದಕ್ಕೆ ದಾಖಲೆ ಇರುವ ಮೊದಲ ವಸ್ತು ಇದೇ. ಸ್ಪುಟ್ನಿಕ್ ಹಾರಿದ್ದು 1957ರ ಅಕ್ಟೋಬರ್ 4ಕ್ಕೆ, ಅಂದರೆ 13 ವರ್ಷ ಕಳೆದ ಮೇಲೆ.

ಯುದ್ಧದಲ್ಲಿ ಬಳಸುವಾಗ ವಿ-2 ಓರೆಯಾಗಿ ಹೋಗಿ, 80-90 ಕಿ.ಮೀ. ಏರಿ, 300 ಕಿ.ಮೀ. ಆಚೆ ಬೀಳುತ್ತಿತ್ತು. ಆ ಜೂನ್ ತಿಂಗಳ ಕೆಲವು ಪರೀಕ್ಷೆಗಳಲ್ಲಿ ಮಾತ್ರ, ಗಾಳಿ ಇಲ್ಲದ ಎತ್ತರದಲ್ಲಿ ರಾಕೆಟ್ ಹೇಗೆ ನಡೆದುಕೊಳ್ಳುತ್ತೆ ಅಂತ ನೋಡೋದಕ್ಕೆ ಲಂಬವಾಗಿ ಹಾರಿಸಿದರು.

ಯಂತ್ರವಾಗಿ ಅದನ್ನು ನೋಡಿದರೆ ಇವತ್ತಿಗೂ ಬೆರಗಾಗುತ್ತೆ. 14 ಮೀಟರ್ ಉದ್ದ, ಇಂಧನ ತುಂಬಿದಾಗ 12.5 ಟನ್ ತೂಕ. ನೀರು ಬೆರೆಸಿದ ಆಲ್ಕೋಹಾಲ್ ಇಂಧನ, ಅದನ್ನು ಉರಿಸೋಕೆ ದ್ರವ ಆಮ್ಲಜನಕ. ಎರಡೂ ಸೇರಿ ಪ್ರತಿ ಸೆಕೆಂಡಿಗೆ 120 ಕೆ.ಜಿ.ಗೂ ಹೆಚ್ಚು ದ್ರವ ಉರಿಕೋಣೆಗೆ ನುಗ್ಗಬೇಕು. ಬರೀ ಟ್ಯಾಂಕಿನ ಒತ್ತಡದಿಂದ ಅದು ಆಗೋ ಕೆಲಸವಲ್ಲ. ಹಾಗಾಗಿ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು, ಅದರಿಂದ ಏಳುವ ಬಿಸಿ ಹಬೆಯಿಂದ ಟರ್ಬೈನ್ ತಿರುಗಿಸಿ, ಆ ಟರ್ಬೈನಿನಿಂದ ಪಂಪು ನಡೆಸುತ್ತಿದ್ದರು. ಉರಿಕೋಣೆಯ ಗೋಡೆ ಕರಗಬಾರದು ಅಂತ ಒಳಗೆ ಹೋಗೋ ಆಲ್ಕೋಹಾಲನ್ನೇ ಮೊದಲು ಗೋಡೆಯ ಸುತ್ತ ಹರಿಸುತ್ತಿದ್ದರು. ಇಷ್ಟೆಲ್ಲ ನಡೆದು ಮುಗಿಯೋದು ಒಂದು ನಿಮಿಷದ ಆಸುಪಾಸಿನಲ್ಲಿ. ಆಮೇಲೆ ಎಂಜಿನ್ ಆರಿ, ಉಳಿದ ಎತ್ತರವನ್ನೆಲ್ಲ ಬಂದ ವೇಗದಲ್ಲೇ ಏರುತ್ತೆ.

ಅಮೆರಿಕದಲ್ಲಿ ರಾಬರ್ಟ್ ಗೊಡ್ಡಾರ್ಡ್ 1926ರ ಮಾರ್ಚ್ 16ರಂದು ಹಾರಿಸಿದ ಜಗತ್ತಿನ ಮೊದಲ ದ್ರವ ಇಂಧನದ ರಾಕೆಟ್ ಏರಿದ್ದು ಹನ್ನೆರಡೂವರೆ ಮೀಟರ್, ಹಾರಿದ್ದು ಎರಡೂವರೆ ಸೆಕೆಂಡು. ಅಲ್ಲಿಂದ 18 ವರ್ಷಕ್ಕೆ 175 ಕಿಲೋಮೀಟರ್!

ಮಂಡ್ಯಹೈದ:
ಹಂಗಾದ್ರೆ ಎಲ್ಲ ಪುಸ್ತಕದಲ್ಲೂ ಸ್ಪುಟ್ನಿಕ್ಕೇ ಮೊದಲು ಅಂತ ಯಾಕೆ ಇರುತ್ತೆ ಸಾರ್? 175 ಕಿ.ಮೀ. ಏರಿದ್ದು ಅಲ್ಲೇ ಸುತ್ಕೊಂಡು ಇರಬಹುದಿತ್ತಲ್ಲ?

ನಕ್ಷತ್ರಿಕ:
ಒಳ್ಳೆ ಪ್ರಶ್ನೆ ಕೇಳಿದ್ರಿ. ಎತ್ತರಕ್ಕೆ ಹೋಗೋದು ಬೇರೆ, ಅಲ್ಲಿ ಉಳಿಯೋದು ಬೇರೆ. ಕಲ್ಲನ್ನು ನೆಟ್ಟಗೆ ಮೇಲಕ್ಕೆ ಎಸೆದರೆ ಎಷ್ಟೇ ಎತ್ತರ ಹೋದರೂ ನೆಟ್ಟಗೆ ಕೆಳಗೇ ಬರುತ್ತೆ. ಭೂಮಿ ಸುತ್ತಬೇಕಾದರೆ ಅಡ್ಡಕ್ಕೆ ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಬೇಕು. ಆಗ ಅದು ಬೀಳುತ್ತಿರುವಷ್ಟೇ ಬೇಗ ಭೂಮಿಯ ಮೈ ಕೂಡ ಬಾಗಿ ಕೆಳಗೆ ಸರಿಯುತ್ತೆ, ಹಾಗಾಗಿ ನೆಲ ಸಿಗೋದೇ ಇಲ್ಲ. ವಿ-2ರ ಎಂಜಿನ್ ಆರುವಾಗ ಇರುತ್ತಿದ್ದ ವೇಗ ಸೆಕೆಂಡಿಗೆ ಸುಮಾರು 1.6 ಕಿ.ಮೀ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರೋದರಿಂದ, ಅಷ್ಟೇ ತೂಕವನ್ನು ಕಕ್ಷೆಗೆ ಸೇರಿಸೋಕೆ 20 ಪಟ್ಟಿಗೂ ಹೆಚ್ಚು ಶಕ್ತಿ ಬೇಕು. 13 ವರ್ಷ ಹಿಡಿದಿದ್ದು ಅದಕ್ಕೇ.

ಸ್ಪುಟ್ನಿಕ್ "ಮೊದಲ ಕೃತಕ ಉಪಗ್ರಹ". ಅದರಲ್ಲಿ ಎರಡು ಮಾತಿಲ್ಲ. "ಬಾಹ್ಯಾಕಾಶ ತಲುಪಿದ ಮೊದಲ ವಸ್ತು" ಅನ್ನೋದು ಬೇರೆಯೇ ಪ್ರಶ್ನೆ.

ಆಂಟೆನಾ:
ನಾನು ಹ್ಯಾಮ್ ರೇಡಿಯೋ ಹವ್ಯಾಸಿ, ಸ್ಪುಟ್ನಿಕ್ ಅಂದರೆ ನಮಗೆ ತುಂಬ ಹತ್ತಿರದ ವಿಷಯ. ಅದು 20.005 ಮತ್ತು 40.002 ಮೆಗಾಹರ್ಟ್ಸ್‌ನಲ್ಲಿ ಬೀಪ್ ಬೀಪ್ ಅಂತ ಕಳಿಸುತ್ತಿತ್ತು. ಮನೆಯಲ್ಲಿ ಶಾರ್ಟ್‌ವೇವ್ ರಿಸೀವರ್ ಇಟ್ಟುಕೊಂಡ ಹವ್ಯಾಸಿಗಳಿಗೂ ಕೇಳುವ ಹಾಗಿತ್ತು. ಬ್ಯಾಟರಿ ಮುಗಿಯುವವರೆಗೆ, ಅಂದರೆ ಮೂರು ವಾರ, ಪ್ರಪಂಚದ ಎಲ್ಲ ಕಡೆಯ ಹವ್ಯಾಸಿಗಳು ಕೇಳಿ ಬರೆದಿಟ್ಟುಕೊಂಡರು. ಗೋಳ ಅಂತ ನೋಡಿದರೆ 58 ಸೆಂ.ಮೀ. ಅಗಲ, 83.6 ಕೆ.ಜಿ. ತೂಕ, ನಾಲ್ಕು ಆಂಟೆನಾ. 96 ನಿಮಿಷಕ್ಕೊಂದು ಸುತ್ತು.

ಮೇಷ್ಟ್ರಿಗೆ ಇನ್ನೊಂದು ವಿಷಯ. ಕಕ್ಷೆ ಸೇರಿದ್ದರಲ್ಲೂ ಸ್ಪುಟ್ನಿಕ್ ಒಂದೇ ಇರಲಿಲ್ಲ. ಅದನ್ನು ಹೊತ್ತೊಯ್ದ ಆರ್-7 ರಾಕೆಟ್ಟಿನ ನಡುಭಾಗವೂ ಜೊತೆಗೇ ಕಕ್ಷೆಯಲ್ಲಿತ್ತು. ಅದು ಏಳು ಟನ್ನಿಗೂ ಹೆಚ್ಚು ತೂಕದ ದೊಡ್ಡ ಕೊಳವೆ. ಆ ದಿನಗಳಲ್ಲಿ ಜನ ಮನೆ ಮುಂದೆ ನಿಂತು ಬರಿಗಣ್ಣಲ್ಲಿ ನೋಡಿದ್ದು ಹೆಚ್ಚಾಗಿ ಅದನ್ನೇ, ಆ ಪುಟ್ಟ ಗೋಳ ಕಾಣೋದು ಬಹಳ ಕಷ್ಟ ಇತ್ತು. ಅಮೆರಿಕದವರು ಇಟ್ಟಿರುವ ಉಪಗ್ರಹಗಳ ಪಟ್ಟಿಯಲ್ಲಿ 1ನೇ ನಂಬರ್ ಆ ರಾಕೆಟ್ ತುಂಡಿಗೆ, 2ನೇ ನಂಬರ್ ಸ್ಪುಟ್ನಿಕ್ಕಿಗೆ.

ಸಾಧನಕೇರಿಯವ:
ಎಲ್ಲಾರಿಗೂ ನಮಸ್ಕಾರ್ರಿ. ನನ್ನದೊಂದು ಪ್ರಶ್ನೆ. ಈ 100 ಕಿ.ಮೀ. ಗೆರಿ ಎಲ್ಲಿಂದ ಬಂತ್ರಿ? ಅಮೆರಿಕದ ವಾಯುಪಡೆಯವ್ರು 50 ಮೈಲಿ, ಅಂದ್ರ ಸುಮಾರು 80 ಕಿ.ಮೀ. ದಾಟಿದ ಪೈಲಟ್ಟರಿಗೆ ಗಗನಯಾತ್ರಿ ಅಂತ ಗೌರವ ಕೊಟ್ಟಾರ. ಎಕ್ಸ್-15 ವಿಮಾನ ಹಾರಿಸಿದವ್ರಿಗೆ ಹಂಗ ಕೊಟ್ಟದ್ದು. ಆ ಲೆಕ್ಕ ಹಿಡಿದ್ರ 1942ರ ಅಕ್ಟೋಬರ್ 3ಕ್ಕ ಪೇನೆಮುಂಡೆಯಿಂದ ಹಾರಿದ ಮೊದಲನೇ ಯಶಸ್ವಿ ವಿ-2 ಸುಮಾರು 85 ಕಿ.ಮೀ. ಮುಟ್ಟೇತಿ. ಹಂಗಾದ್ರ ಅದ ಮೊದಲನೇದು ಆಗಬೇಕಲ್ರಿ ಸರ?

ನಕ್ಷತ್ರಿಕ:
ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದೀರಿ ಸರ್. ವಾತಾವರಣಕ್ಕೆ ಬೇಲಿ ಇಲ್ಲ, ಅದು ತೆಳುವಾಗ್ತಾ ತೆಳುವಾಗ್ತಾ ಹೋಗುತ್ತೆ. ರೆಕ್ಕೆಯ ಮೇಲೆ ತೇಲೋಕೆ ಬೇಕಾದ ವೇಗ ಕಕ್ಷೆಯ ವೇಗಕ್ಕೇ ಸಮ ಆಗಿಬಿಡೋ ಎತ್ತರ ಯಾವುದು ಅನ್ನೋ ಯೋಚನೆಗೆ ಥಿಯೊಡೋರ್ ಫಾನ್ ಕಾರ್ಮಾನ್ ಹೆಸರು ಅಂಟಿಕೊಂಡಿದೆ. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟ ಲೆಕ್ಕಕ್ಕೆ ಸುಲಭ ಆಗಲಿ ಅಂತ 100 ಕಿ.ಮೀ. ಅಂತ ದುಂಡಗೆ ಇಟ್ಟುಕೊಂಡಿತು. ಖಗೋಳ ವಿಜ್ಞಾನಿ ಜೊನಾಥನ್ ಮೆಕ್‌ಡೊವೆಲ್ 2018ರಲ್ಲಿ, ನಿಜವಾದ ಉಪಗ್ರಹಗಳ ದಾರಿಗಳನ್ನು ನೋಡಿ, 80 ಕಿ.ಮೀ. ಅನ್ನೋದೇ ಹೆಚ್ಚು ಸರಿ ಅಂತ ವಾದಿಸಿದ್ದಾರೆ. ನನಗೂ ಅವರ ವಾದವೇ ಗಟ್ಟಿ ಅನ್ನಿಸುತ್ತೆ.

80 ಅಂದರೆ 1942, 100 ಅಂದರೆ 1944. ಗೆರೆ ಎಲ್ಲಿ ಎಳೆದರೂ ರಾಕೆಟ್ ಅದೇ. ಹುಡುಗಿಯ ಉತ್ತರಕ್ಕೆ ಏನೂ ತೊಂದರೆ ಇಲ್ಲ.

ಕ್ವಿಜ್‌ಪ್ರಿಯ:
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ವಿ-2 ಯುದ್ಧಕ್ಕೆ ಮಾಡಿದ ಕ್ಷಿಪಣಿ. ಹತ್ತು ನಿಮಿಷವೂ ಮೇಲಿರದೆ ಬಂದು ಬಿದ್ದಿದೆ. ಬಾಹ್ಯಾಕಾಶ ಯುಗ ಶುರುವಾಗಿದ್ದು 1957ರಲ್ಲಿ ಅಂತ ಜಗತ್ತೇ ಒಪ್ಪಿದೆ. ಹೈಸ್ಕೂಲ್ ಮಕ್ಕಳ ಪ್ರಶ್ನೆಪತ್ರಿಕೆಯಲ್ಲಿ ನಾಜಿಗಳ ಆಯುಧಕ್ಕೆ "ಮೊದಲು" ಅನ್ನೋ ಪಟ್ಟ ಕೊಡಬೇಕಾ? ಅದು ಹೆಮ್ಮೆಯ ವಿಷಯವೇನಲ್ಲ.

ಸ್ಟುಟ್‌ಗಾರ್ಟ್‌ಕನ್ನಡತಿ:
ನಿಮ್ಮ ಕಳಕಳಿ ಅರ್ಥವಾಗುತ್ತೆ ಸರ್. ಆದರೆ ಅದೇ ಕಾರಣಕ್ಕೇ ಮಕ್ಕಳಿಗೆ ಇದನ್ನು ಹೇಳಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ನಾನು ಜರ್ಮನಿಯಲ್ಲಿ ಇರೋದು. ಪೇನೆಮುಂಡೆಯ ಹಳೇ ವಿದ್ಯುತ್ ಸ್ಥಾವರದಲ್ಲಿ ಮಾಡಿರುವ ವಸ್ತುಸಂಗ್ರಹಾಲಯಕ್ಕೂ ಹೋಗಿದ್ದೇನೆ, ನೋರ್ಡ್‌ಹೌಸನ್ ಪಕ್ಕದ ಮಿಟೆಲ್‌ಬೌ-ಡೋರಾ ಯಾತನಾ ಶಿಬಿರದ ಸ್ಮಾರಕಕ್ಕೂ ಹೋಗಿದ್ದೇನೆ. ಎರಡನೆಯದನ್ನು ನೋಡದೆ ಮೊದಲನೆಯದನ್ನು ನೋಡಬಾರದು.

1943ರ ಆಗಸ್ಟ್ 17ರ ರಾತ್ರಿ ಬ್ರಿಟಿಷ್ ವಿಮಾನಗಳು ಪೇನೆಮುಂಡೆಯ ಮೇಲೆ ಬಾಂಬ್ ಸುರಿಸಿದವು. ಆಮೇಲೆ ವಿ-2 ತಯಾರಿಕೆಯನ್ನು ಹಾರ್ಟ್ಸ್ ಬೆಟ್ಟಸಾಲಿನ ಕೋನ್‌ಸ್ಟೈನ್ ಗುಡ್ಡದ ಒಳಗಿನ ಸುರಂಗಗಳಿಗೆ ಸಾಗಿಸಿದರು. ಆ ಕಾರ್ಖಾನೆಯ ಹೆಸರು ಮಿಟೆಲ್‌ವೆರ್ಕ್. ಕೆಲಸಕ್ಕೆ ತಂದಿದ್ದು ಬುಖೆನ್‌ವಾಲ್ಡ್ ಯಾತನಾ ಶಿಬಿರದ ಕೈದಿಗಳನ್ನು. ರಷ್ಯನ್ನರು, ಪೋಲರು, ಫ್ರೆಂಚರು, ಇನ್ನೂ ಎಷ್ಟೋ ದೇಶದವರು. ಮೊದಲ ತಿಂಗಳುಗಳಲ್ಲಿ ಅವರು ಮಲಗುತ್ತಿದ್ದದ್ದೂ ಸುರಂಗದೊಳಗೇ. ಬಂಡೆ ಒಡೆಯೋ ಧೂಳು, ತೇವ, ಕುಡಿಯೋಕೆ ನೀರಿಲ್ಲ, ವಾರಗಟ್ಟಲೆ ಸೂರ್ಯನ ಬೆಳಕಿಲ್ಲ. ಕೆಲಸ ಕೆಡಿಸಿದರು ಅನ್ನೋ ಅನುಮಾನ ಬಂದರೆ ಉಳಿದವರ ಕಣ್ಣೆದುರೇ ಕ್ರೇನಿಗೆ ನೇಣು ಹಾಕುತ್ತಿದ್ದರು. ಇಡೀ ಡೋರಾ ಶಿಬಿರ ವ್ಯವಸ್ಥೆಯ ಮೂಲಕ ಹಾದುಹೋದವರು ಸುಮಾರು 60,000 ಜನ. ಸತ್ತವರು ಸುಮಾರು 20,000.

ಮೇಲೆ ನಕ್ಷತ್ರಿಕ ಅವರು ಹೇಳಿದ ರಾಕೆಟ್ಟಿನ ಸಂಖ್ಯೆ ನೋಡಿ. ಎಂ.ಡಬ್ಲ್ಯು. ಅಂದರೆ ಮಿಟೆಲ್‌ವೆರ್ಕ್. ಬಾಹ್ಯಾಕಾಶ ಮುಟ್ಟಿದ ಮೊದಲ ವಸ್ತು ಆ ಸುರಂಗದಿಂದ ಹೊರಗೆ ಬಂದದ್ದು. ಈ ಒಂದು ಸಂಗತಿ ತಿಳಿದ ಮೇಲೆ ನನಗೆ "ಸ್ಪುಟ್ನಿಕ್ಕಿಂದ ಶುರು" ಅಂತ ಹೇಳೋದು ಸಾಧ್ಯವೇ ಆಗಲ್ಲ. ಹಾಗೆ ಹೇಳಿದರೆ ಆ ಕೈದಿಗಳನ್ನು ಇನ್ನೊಮ್ಮೆ ಕತ್ತಲೆಗೆ ತಳ್ಳಿದ ಹಾಗೆ.

ವಿ-2 ಬಿದ್ದ ಕಡೆಯೂ ಸಾವು ಕಡಿಮೆ ಇರಲಿಲ್ಲ. 1944ರ ಸೆಪ್ಟೆಂಬರ್ 8ರಿಂದ ಲಂಡನ್, ಆಮೇಲೆ ಆಂಟ್‌ವರ್ಪ್. ಧ್ವನಿಗಿಂತ ವೇಗವಾಗಿ ಬರುತ್ತಿದ್ದರಿಂದ ಸದ್ದು ಕೇಳಿ ಓಡೋ ಅವಕಾಶವೂ ಇಲ್ಲ. ಡಿಸೆಂಬರ್ 16ರಂದು ಆಂಟ್‌ವರ್ಪ್‌ನ ರೆಕ್ಸ್ ಸಿನಿಮಾ ಮಂದಿರದ ಮೇಲೆ ಬಿದ್ದ ಒಂದೇ ರಾಕೆಟ್‌ಗೆ 567 ಜನ ಹೋದರು. ಇಷ್ಟಾದರೂ ವಿ-2 ಬಿದ್ದು ಸತ್ತವರಿಗಿಂತ ಅದನ್ನು ಮಾಡುವಾಗ ಸತ್ತವರೇ ಹೆಚ್ಚು.

ಸಾಧನಕೇರಿಯವ:
ಮೇಡಂ, ಓದಿ ಮನಸ್ಸು ಭಾರ ಆತ್ರಿ. ಇಷ್ಟು ವಿವರ ನನಗ ಗೊತ್ತಿರಲಿಲ್ಲ. ಮತ್ತ ಆ 80 ಕಿ.ಮೀ. ಲೆಕ್ಕದಾಗ ನೋಡಿದ್ರ ಲಂಡನ್ನಿನ ಮ್ಯಾಲ ಬಿದ್ದ ರಾಕೆಟ್ಟುಗಳೂ ಬಾಹ್ಯಾಕಾಶದ ಅಂಚು ಮುಟ್ಟೇ ಬಂದು ಬಿದ್ದಾವ ಅಂದಂಗಾತು. ಮೂರು ಸಾವಿರಕ್ಕೂ ಹೆಚ್ಚು ಹಾರಿಸ್ಯಾರಂತ. ವಿ-2 ರೂಪಿಸಿದ ತಂಡದ ಮುಖ್ಯಸ್ಥ ವೆರ್ನರ್ ಫಾನ್ ಬ್ರೌನ್‌ಗ ಈ ಸುರಂಗದ ಸಂಗತಿ ಗೊತ್ತಿತ್ತೇನ್ರಿ?

ಸ್ಟುಟ್‌ಗಾರ್ಟ್‌ಕನ್ನಡತಿ:
ಗೊತ್ತಿತ್ತು ಸರ್. ಮಿಟೆಲ್‌ವೆರ್ಕ್‌ಗೆ ಅವರು ಹಲವು ಸಲ ಹೋಗಿದ್ದರು. ನಾಜಿಗಳ ಎಸ್‌.ಎಸ್. ಪಡೆಯ ಸದಸ್ಯರೂ ಆಗಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕ ಅವರನ್ನೂ ಅವರ ಜೊತೆಗಾರರನ್ನೂ ಕರೆಸಿಕೊಂಡಿತು. ಮಿಟೆಲ್‌ವೆರ್ಕ್‌ನ ತಯಾರಿಕೆ ನೋಡಿಕೊಳ್ಳುತ್ತಿದ್ದ ಆರ್ಥರ್ ರುಡಾಲ್ಫ್ ಮುಂದೆ ಚಂದ್ರನಿಗೆ ಮನುಷ್ಯರನ್ನು ಒಯ್ದ ಸ್ಯಾಟರ್ನ್-5 ಯೋಜನೆಯ ಮುಖ್ಯಸ್ಥರಾದರು. ಡೋರಾದ ವಿಚಾರ ಎದ್ದು 1984ರಲ್ಲಿ ಅಮೆರಿಕದ ಪೌರತ್ವ ಬಿಟ್ಟು ಜರ್ಮನಿಗೆ ವಾಪಸ್ ಬಂದರು.

ಕ್ವಿಜ್‌ಪ್ರಿಯ:
ಮೇಡಂ, ನೀವು ಹೇಳಿದ ರೀತಿಯಲ್ಲಿ ಮಕ್ಕಳಿಗೆ ಹೇಳೋದಾದರೆ ನನ್ನ ತಕರಾರಿಲ್ಲ. ಬರೀ "ವಿ-2" ಅಂತ ಒಂದು ಪದದ ಉತ್ತರ ಬಾಯಿಪಾಠ ಮಾಡಿಸಿದರೆ ಅದು ಬೇಡ. ಪ್ರಶ್ನೆ ತೆಗೆಯೋರು "ಮೊದಲ ಕೃತಕ ಉಪಗ್ರಹ" ಅಂತಲೇ ಕೇಳಲಿ, ಗೊಂದಲವೇ ಇರಲ್ಲ.

ವಿಜ್ಞಾನಮೇಷ್ಟ್ರು:
ಎಲ್ಲರಿಗೂ ಧನ್ಯವಾದ. ಮನವಿ ಕೊಟ್ಟೆ. ಅಂಕ ಸಿಕ್ಕಿದೆ, ಮುಂದಿನ ಸಲ ಪ್ರಶ್ನೆಯ ಪದಗಳನ್ನೂ ಬದಲಾಯಿಸ್ತೀವಿ ಅಂದಿದ್ದಾರೆ. ತರಗತಿಯಲ್ಲಿ ಡೋರಾದ ವಿಷಯ ಹೇಳಿದಾಗ ಮಕ್ಕಳು ತುಂಬ ಕೇಳಿದರು. ಅದೇ ಹುಡುಗಿ ಇನ್ನೊಂದು ಕೇಳಿದಳು: ಅಷ್ಟು ಮೇಲಿಂದ ಭೂಮಿಯನ್ನು ಮೊದಲು ಯಾರು ನೋಡಿದ್ದು? ಕ್ಯಾಮೆರಾ ಇಟ್ಟಿದ್ದರಾ? ಪ್ರಾಣಿ ಯಾವುದಾದರೂ ಹೋಗಿತ್ತಾ?

ನಕ್ಷತ್ರಿಕ:
ಕ್ಯಾಮೆರಾ ಹೋಗಿದ್ದು ಯುದ್ಧ ಮುಗಿದ ಮೇಲೆ, ಅದೂ ವಿ-2ರಲ್ಲೇ. ಅಮೆರಿಕದ ಸೇನೆ ಮಿಟೆಲ್‌ವೆರ್ಕ್‌ನಿಂದ ರಾಕೆಟ್ ಭಾಗಗಳನ್ನು ರೈಲು, ಹಡಗಿನಲ್ಲಿ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ಗೆ ಸಾಗಿಸಿತ್ತು. ಸಿಡಿತಲೆಯ ಜಾಗದಲ್ಲಿ ಉಪಕರಣ ಇಡೋಕೆ ವಿಜ್ಞಾನಿಗಳಿಗೆ ಅವಕಾಶ ಸಿಕ್ಕಿತು. 1946ರ ಅಕ್ಟೋಬರ್ 24ರಂದು ಕ್ಲೈಡ್ ಹಾಲಿಡೇ ಅನ್ನೋ ಎಂಜಿನಿಯರ್ ಒಂದು 35 ಮಿ.ಮೀ. ಸಿನಿಮಾ ಕ್ಯಾಮೆರಾವನ್ನು ಒಂದೂವರೆ ಸೆಕೆಂಡಿಗೆ ಒಂದು ಚಿತ್ರ ತೆಗೆಯುವ ಹಾಗೆ ಕೂರಿಸಿದರು. ರಾಕೆಟ್ ಸುಮಾರು 105 ಕಿ.ಮೀ. ಏರಿ, ಮರುಭೂಮಿಗೆ ಅಪ್ಪಳಿಸಿತು. ಕ್ಯಾಮೆರಾ ಪುಡಿಪುಡಿ. ಫಿಲ್ಮು ಮಾತ್ರ ಉಕ್ಕಿನ ಡಬ್ಬಿಯೊಳಗೆ ಕ್ಷೇಮವಾಗಿತ್ತು. ಕಪ್ಪು ಆಕಾಶ, ಕೆಳಗೆ ಮೋಡಗಳು, ಬಾಗಿದ ದಿಗಂತ. ಬಾಹ್ಯಾಕಾಶದಿಂದ ತೆಗೆದ ಭೂಮಿಯ ಮೊದಲ ಚಿತ್ರ ಅದು. ಮಕ್ಕಳಿಗೆ ಖಂಡಿತ ತೋರಿಸಿ.

ಪ್ರಾಣಿ ಅಂದರೆ ಹಣ್ಣಿನ ನೊಣಗಳು. 1947ರ ಫೆಬ್ರವರಿ 20ರಂದು 109 ಕಿ.ಮೀ. ಹೋಗಿ ಪ್ಯಾರಾಚೂಟಿನಲ್ಲಿ ಜೀವಂತವಾಗಿ ಇಳಿದವು. ಮೇಲಿನ ವಿಕಿರಣ ಜೀವಕೋಶಗಳಿಗೆ ಏನು ಮಾಡುತ್ತೆ ಅಂತ ತಿಳಿಯೋದು ಉದ್ದೇಶ. 1949ರ ಜೂನ್ 14ರಂದು ಆಲ್ಬರ್ಟ್-2 ಅನ್ನೋ ಕೋತಿ 134 ಕಿ.ಮೀ. ತಲುಪಿತು. ಇಳಿಯುವಾಗ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಅದು ಸತ್ತಿತು. ಅದೇ ವರ್ಷ ಫೆಬ್ರವರಿ 24ರಂದು ವಿ-2ರ ತಲೆಯ ಮೇಲೆ ವ್ಯಾಕ್ ಕಾರ್ಪೊರಲ್ ಅನ್ನೋ ಚಿಕ್ಕ ರಾಕೆಟ್ ಕೂರಿಸಿ ಹಾರಿಸಿದಾಗ ಅದು ಸುಮಾರು 390 ಕಿ.ಮೀ. ಮುಟ್ಟಿತು. ಇವತ್ತಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುತ್ತಿರುವ ಎತ್ತರಕ್ಕೆ ಹತ್ತಿರ ಹತ್ತಿರ.

ಮಂಡ್ಯಹೈದ:
ನಮ್ಮ ಶ್ರೀರಂಗಪಟ್ಟಣದ ರಾಕೆಟ್ ಬಗ್ಗೆ ಯಾರೂ ಮಾತಾಡ್ಲೇ ಇಲ್ವಲ್ಲ. ಹೈದರಾಲಿ, ಟಿಪ್ಪು ಕಾಲದಲ್ಲೇ ಕಬ್ಬಿಣದ ಕೊಳವೆ ರಾಕೆಟ್ ಇತ್ತು. ಅದರಿಂದಲೇ ತಾನೇ ಎಲ್ಲ ಶುರುವಾಗಿದ್ದು?

ನಕ್ಷತ್ರಿಕ:
ಮೈಸೂರು ರಾಕೆಟ್ಟುಗಳು ದೊಡ್ಡ ಸಾಧನೆಯೇ. ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿದ್ದರಿಂದ ಒಳಗೆ ಒತ್ತಡ ಹೆಚ್ಚು ತಡೆಯುತ್ತಿತ್ತು, ದೂರ ಹೋಗುತ್ತಿದ್ದವು. 1780ರ ಪೊಳ್ಳಿಲೂರು ಕದನದಲ್ಲಿ ಬ್ರಿಟಿಷರು ಅವುಗಳ ಏಟು ತಿಂದರು. 1799ರ ನಂತರ ಸಿಕ್ಕಿದ ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಒಯ್ದರು, ವಿಲಿಯಂ ಕಾಂಗ್ರೀವ್ ತಮ್ಮ ರಾಕೆಟ್ ರೂಪಿಸಿದ್ದು ಆಮೇಲೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಿನ ಹಳೇ ಬಾವಿಯಲ್ಲಿ ಸಾವಿರ ದಾಟಿ ಸಿಕ್ಕಿವೆ.

ಆದರೆ ಬಾಹ್ಯಾಕಾಶದ ದಾರಿ ಕರಿಮದ್ದಿನಿಂದ ಬಂದದ್ದಲ್ಲ. ಹೊರಗೆ ಚಿಮ್ಮುವ ಅನಿಲದ ವೇಗ ಎಷ್ಟು, ಹೊರಡುವಾಗಿನ ತೂಕಕ್ಕೂ ಉರಿದು ಮುಗಿದ ಮೇಲಿನ ತೂಕಕ್ಕೂ ಎಷ್ಟು ಅಂತರ, ಇವೆರಡರ ಮೇಲೆ ರಾಕೆಟ್ಟಿನ ವೇಗ ನಿಂತಿದೆ ಅಂತ ರಷ್ಯಾದ ಶಾಲಾ ಮೇಷ್ಟ್ರು ಕಾನ್‌ಸ್ಟಾಂಟಿನ್ ಸಿಯೊಲ್ಕೊವ್‌ಸ್ಕಿ 1903ರಲ್ಲಿ ಪ್ರಕಟಿಸಿದರು. ದ್ರವ ಇಂಧನ ಬೇಕು ಅಂತಲೂ ಆಗಲೇ ಬರೆದಿದ್ದರು. ಗೊಡ್ಡಾರ್ಡ್, ಪೇನೆಮುಂಡೆ ಎರಡೂ ಆ ದ್ರವ ಇಂಧನದ ಸಾಲಿಗೆ ಸೇರಿದವು. ಮೈಸೂರಿಗೆ ಸಲ್ಲಬೇಕಾದ ಹೆಸರು ಯುದ್ಧ ರಾಕೆಟ್ಟಿನ ಚರಿತ್ರೆಯಲ್ಲಿ ಇದ್ದೇ ಇದೆ.

ಆಂಟೆನಾ:
ಕರ್ನಾಟಕಕ್ಕೆ ನೇರ ನಂಟು ಬೇಕಾದರೆ ಇನ್ನೊಂದಿದೆ. ರಷ್ಯನ್ನರೂ ಜರ್ಮನಿಯಿಂದ ವಿ-2 ಭಾಗಗಳನ್ನು ಒಯ್ದಿದ್ದರು. ಅವರ ಮುಖ್ಯ ರಾಕೆಟ್ ವಿನ್ಯಾಸಕ ಸೆರ್ಗೆಯ್ ಕೊರೊಲ್ಯೊವ್ 1945ರಲ್ಲಿ ಅಲ್ಲಿಗೇ ಹೋಗಿ ಅಧ್ಯಯನ ಮಾಡಿದರು. ಅವರೂ 1938ರಲ್ಲಿ ಸ್ಟಾಲಿನ್ ಆಡಳಿತದಲ್ಲಿ ಬಂಧನಕ್ಕೊಳಗಾಗಿ ಕೊಲಿಮಾದ ಶಿಬಿರದಲ್ಲಿ ನವೆದು ಬಂದವರು. ಸ್ಪುಟ್ನಿಕ್ ಹಾರಿಸಿದ ಮೇಲೂ, 1966ರಲ್ಲಿ ಸಾಯುವವರೆಗೆ, ಅವರ ಹೆಸರನ್ನು ಸರ್ಕಾರ ಗುಟ್ಟಾಗಿಟ್ಟಿತ್ತು.

ರಷ್ಯನ್ನರು ತಮ್ಮ ಮೊದಲ ವಿ-2 ಹಾರಿಸಿದ್ದು 1947ರ ಅಕ್ಟೋಬರ್ 18ಕ್ಕೆ, ವೋಲ್ಗಾ ಕೆಳಬಯಲಿನ ಕಪೂಸ್ತಿನ್ ಯಾರ್‌ನಿಂದ. ಅದೇ ಕೇಂದ್ರದಿಂದ 1975ರ ಏಪ್ರಿಲ್ 19ಕ್ಕೆ ನಮ್ಮ ಆರ್ಯಭಟ ಮೇಲೇರಿತು! ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್ ಅವರ ತಂಡ ಕಟ್ಟಿದ 360 ಕೆ.ಜಿ.ಯ ಉಪಗ್ರಹ. ಪೀಣ್ಯದ ಕಡೆ ಹೋದಾಗಲೆಲ್ಲ ನನಗೆ ಇದು ನೆನಪಾಗಿ ಖುಷಿಯಾಗುತ್ತೆ.

ಹೊಸಬ:
ಇಂಟರ್ನೆಟ್ಟಲ್ಲಿ ಒಂದು ಕಡೆ ಓದಿದ್ದೆ, ಅಣುಬಾಂಬ್ ಪರೀಕ್ಷೆಯಲ್ಲಿ ಎಗರಿದ ಕಬ್ಬಿಣದ ಮುಚ್ಚಳವೇ ಬಾಹ್ಯಾಕಾಶಕ್ಕೆ ಹೋದ ಮೊದಲ ವಸ್ತು ಅಂತ. ಅದು ನಿಜವಾ?

ನಕ್ಷತ್ರಿಕ:
ಪರೀಕ್ಷೆ ನಿಜ, ಆ ತೀರ್ಮಾನ ಸರಿಯಲ್ಲ. 1957ರ ಆಗಸ್ಟ್ 27, ನೆವಾಡಾದಲ್ಲಿ ಪ್ಯಾಸ್ಕಲ್-ಬಿ ಅನ್ನೋ ಭೂಗತ ಪರೀಕ್ಷೆ. ಆಳವಾದ ಕೊಳವೆ ಬಾವಿಯ ತಳದಲ್ಲಿ ಬಾಂಬು, ಬಾಯಿಗೆ ಸುಮಾರು 900 ಕೆ.ಜಿ.ಯ ಉಕ್ಕಿನ ಮುಚ್ಚಳ. ಸ್ಫೋಟದ ಮೇಲೆ ಮುಚ್ಚಳ ಅತಿವೇಗದ ಕ್ಯಾಮೆರಾದ ಒಂದೇ ಒಂದು ಚೌಕಟ್ಟಿನಲ್ಲಿ ಕಾಣಿಸಿ ಮಾಯವಾಯಿತು. ಭೂಮಿಯಿಂದ ಬಿಡಿಸಿಕೊಳ್ಳೋಕೆ ಬೇಕಾದ ವೇಗದ ಆರು ಪಟ್ಟು ಇದ್ದಿರಬಹುದು ಅನ್ನೋದು ಆ ಪರೀಕ್ಷೆಯ ವಿಜ್ಞಾನಿ ರಾಬರ್ಟ್ ಬ್ರೌನ್‌ಲೀ ಅವರ ಅಂದಾಜು ಲೆಕ್ಕ. ನೆಲಮಟ್ಟದ ದಟ್ಟ ಗಾಳಿಯಲ್ಲಿ ಆ ವೇಗಕ್ಕೆ ಚಪ್ಪಟೆ ಉಕ್ಕು ಉರಿದು ಹೋಗಿರೋ ಸಾಧ್ಯತೆಯೇ ಹೆಚ್ಚು. ಮೇಲೆ ತಲುಪಿತು ಅನ್ನೋದಕ್ಕೆ ಯಾವ ಪುರಾವೆಯೂ ಇಲ್ಲ. ಒಂದು ವೇಳೆ ತಲುಪಿದ್ದರೂ ಅಷ್ಟರಲ್ಲಿ ವಿ-2 ಬಾಹ್ಯಾಕಾಶ ಮುಟ್ಟಿ 13 ವರ್ಷ ಆಗಿತ್ತು.

ಭೂಮಿಯ ಹಿಡಿತ ಬಿಟ್ಟು ಹೋದ ಮೊದಲ ವಸ್ತು ಯಾವುದು ಅಂತ ಕೇಳಿದರೆ ಅದೂ ಸ್ವಾರಸ್ಯದ ಪ್ರಶ್ನೆ. 1957ರ ಅಕ್ಟೋಬರ್ 16ಕ್ಕೆ ಖಗೋಳ ವಿಜ್ಞಾನಿ ಫ್ರಿಟ್ಜ್ ಜ್ವಿಕಿ ಅವರು ನ್ಯೂ ಮೆಕ್ಸಿಕೋದಿಂದ ಏರೋಬೀ ರಾಕೆಟ್ ಹಾರಿಸಿ, 80 ಕಿ.ಮೀ. ಮೇಲೆ ಸ್ಫೋಟಕಗಳಿಂದ ಲೋಹದ ಚೂರುಗಳನ್ನು ಚಿಮ್ಮಿಸಿದರು. ಅಲ್ಲಿ ಗಾಳಿ ಅತಿ ತೆಳು, ಒಂದೆರಡು ಚೂರು ಬಿಡಿಸಿಕೊಂಡು ಹೋಗಿರಬಹುದು. ದಾರಿಯುದ್ದಕ್ಕೂ ಗುರುತಿಸಿ, ಖಚಿತವಾಗಿ ಹೇಳಬಹುದಾದ ಮೊದಲನೆಯದು ರಷ್ಯಾದ ಲೂನಾ-1. ಹೊರಟಿದ್ದು 1959ರ ಜನವರಿ 2. ಚಂದ್ರನಿಗೆ ಬಡಿಯಬೇಕಿತ್ತು, ಸುಮಾರು 6,000 ಕಿ.ಮೀ. ತಪ್ಪಿ ಮುಂದೆ ಹೋಗಿ ಸೂರ್ಯನ ಸುತ್ತ ಕಕ್ಷೆ ಹಿಡಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೂನಾ-2 ಗುರಿ ತಪ್ಪದೆ ಚಂದ್ರನಿಗೆ ಬಡಿಯಿತು.

ಹೊಸಬ:
ಸ್ಪುಟ್ನಿಕ್ ಈಗಲೂ ಮೇಲಿದೆಯಾ?

ಆಂಟೆನಾ:
ಇಲ್ಲ. 1958ರ ಜನವರಿ 4ರಂದು ವಾತಾವರಣಕ್ಕೆ ಇಳಿದು ಉರಿದುಹೋಯಿತು. ಕಕ್ಷೆಯಲ್ಲಿ ಉಳಿದಿರುವ ಅತಿ ಹಳೆಯ ವಸ್ತು ಅಮೆರಿಕದ ವ್ಯಾನ್‌ಗಾರ್ಡ್-1. 1958ರ ಮಾರ್ಚ್ 17ಕ್ಕೆ ಹೋದದ್ದು, ಒಂದೂವರೆ ಕೆ.ಜಿ.ಗೂ ಸ್ವಲ್ಪ ಕಡಿಮೆ ತೂಕ. ಸೌರಕೋಶದಿಂದ ನಡೆದ ಮೊದಲ ಉಪಗ್ರಹವೂ ಅದೇ. 1964ರಿಂದ ಅದರ ರೇಡಿಯೋ ಮೌನವಾಗಿದೆ, ಸುತ್ತು ಮಾತ್ರ ನಿಂತಿಲ್ಲ. ಅದರ ಸದ್ಯದ ಜಾಗ ತೋರಿಸೋ ಜಾಲತಾಣಗಳಿವೆ, ಪಟ್ಟಿಯಲ್ಲಿ 5ನೇ ನಂಬರ್ ಹುಡುಕಿ.